ಲಿನಕ್ಸ್ ಲ್ಯಾಪ್‌ಟಾಪ್‌ಗಳಲ್ಲಿ ಬೂಟ್ ಸ್ಥಗಿತ

ಬೂಟ್ ಸ್ಥಗಿತ ಎಂದರೆ ಗಣಕಯಂತ್ರಕ್ಕೆ ವಿದ್ಯುತ್ ಕೊಟ್ಟ ಬಳಿಕ, ಬಳಕೆದಾರರ ಪ್ರವೇಶ ತೆರೆ ಮೂಡುವ ಮೊದಲೇ, ಆರಂಭದ ಪ್ರಕ್ರಿಯೆಯು ಯಾವುದಾದರೊಂದು ಹಂತದಲ್ಲಿ ಮುಂದುವರಿಯದೆ ನಿಂತುಬಿಡುವ ಸ್ಥಿತಿ. ಉಬುಂಟು, ಡೆಬಿಯನ್, ಫೆಡೋರಾ, ಲಿನಕ್ಸ್ ಮಿಂಟ್ ಮುಂತಾದ ಲಿನಕ್ಸ್ ವಿತರಣೆಗಳನ್ನು ಅಳವಡಿಸಿರುವ ಲ್ಯಾಪ್‌ಟಾಪ್‌ಗಳಲ್ಲಿ ಇದು ಪೂರ್ಣ ಕಪ್ಪು ತೆರೆ, ಎಡ ಮೂಲೆಯಲ್ಲಿ ಮಿನುಗುವ ಕರ್ಸರ್, ಸುತ್ತುತ್ತಲೇ ಇರುವ ಲಾಂಛನ ಅಥವಾ ಒಂದೇ ಸಾಲಿನಲ್ಲಿ ನಿಂತ ಇಂಗ್ಲಿಷ್ ಸಂದೇಶ, ಹೀಗೆ ಬೇರೆ ಬೇರೆ ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಜ್ವರವು ಹೇಗೆ ತಾನೇ ಒಂದು ರೋಗವಲ್ಲವೋ ಹಾಗೆಯೇ ಬೂಟ್ ಸ್ಥಗಿತವೂ ಒಂದು ನಿರ್ದಿಷ್ಟ ದೋಷದ ಹೆಸರಲ್ಲ. ಪರಸ್ಪರ ಸಂಬಂಧವಿಲ್ಲದ ಹಲವು ದೋಷಗಳ ಸಮಾನ ಲಕ್ಷಣ. ಆದುದರಿಂದ ಪರಿಹಾರದ ಮೊದಲ ಹೆಜ್ಜೆ ಯಂತ್ರವು ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ಗುರುತಿಸುವುದು.

ಈ ಸ್ಥಿತಿಯಲ್ಲಿ ಅನೇಕರು ಮೊದಲು ಮಾಡುವುದು ಕಾರ್ಯಾಚರಣ ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸುವ ಕೆಲಸ. ಬಹುತೇಕ ಸಂದರ್ಭಗಳಲ್ಲಿ ಇದು ಅನಗತ್ಯ. ಬೂಟ್ ನಿಂತ ಮಾತ್ರಕ್ಕೆ ಬಳಕೆದಾರರ ಕಡತಗಳು ನಾಶವಾಗಿರುವುದಿಲ್ಲ. ಅಳವಡಿಕೆಯ ವೇಳೆ ಡಿಸ್ಕನ್ನು ಅಳಿಸುವ ಆಯ್ಕೆಯನ್ನು ಒತ್ತಿದಾಗಲೇ ಅವು ನಾಶವಾಗುವುದು ಹೆಚ್ಚು.

ಬೂಟ್ ಪ್ರಕ್ರಿಯೆಯ ಹಂತಗಳು

ಲ್ಯಾಪ್‌ಟಾಪಿನ ಆರಂಭವು ಒಬ್ಬರಿಂದ ಇನ್ನೊಬ್ಬರಿಗೆ ಹೊಣೆ ದಾಟುತ್ತಾ ಹೋಗುವ ಸರಪಳಿ. ಮೊದಲಿಗೆ ಮದರ್‌ಬೋರ್ಡಿನಲ್ಲಿರುವ ಫರ್ಮ್‌ವೇರ್ ಎಚ್ಚೆತ್ತು ಸ್ಮೃತಿ, ಕೀಲಿಮಣೆ ಮುಂತಾದವನ್ನು ಪರೀಕ್ಷಿಸುತ್ತದೆ. ಇಂದಿನ ಯಂತ್ರಗಳಲ್ಲಿ ಇದು ಯುಇಎಫ್‌ಐ ಮಾದರಿಯದು; ಹಳೆಯವುಗಳಲ್ಲಿ ಬಯೋಸ್. ಫರ್ಮ್‌ವೇರ್ ಡಿಸ್ಕಿನ ಒಂದು ಸಣ್ಣ ವಿಭಾಗದಿಂದ ಬೂಟ್ ಲೋಡರನ್ನು ಓದುತ್ತದೆ. ಹೆಚ್ಚಿನ ವಿತರಣೆಗಳಲ್ಲಿ ಈ ಬೂಟ್ ಲೋಡರ್ 'ಗ್ರಬ್'. ಗ್ರಬ್ ಎರಡು ಕಡತಗಳನ್ನು ಸ್ಮೃತಿಗೆ ತುಂಬುತ್ತದೆ: ಒಂದು ಕರ್ನಲ್, ಇನ್ನೊಂದು ಇನಿಟ್‌ರಾಮ್‌ಎಫ್‌ಎಸ್ ಎಂಬ ತಾತ್ಕಾಲಿಕ ಪುಟ್ಟ ಕಡತ ವ್ಯವಸ್ಥೆ.

ಈ ಎರಡನೆಯದರ ಅಗತ್ಯ ಹೊಸಬರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಡಿಸ್ಕನ್ನು ಓದಲು ಡ್ರೈವರ್ ಬೇಕು. ಡ್ರೈವರ್ ಇರುವುದು ಡಿಸ್ಕಿನಲ್ಲಿ. ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತಿರುವ ಈ ತೊಡಕನ್ನು ಇನಿಟ್‌ರಾಮ್‌ಎಫ್‌ಎಸ್ ಬಿಡಿಸುತ್ತದೆ. ಅವಶ್ಯವಾದ ಡ್ರೈವರುಗಳನ್ನು ಅದು ತನ್ನೊಡನೆ ತಂದು, ನಿಜವಾದ ಮೂಲ ಕಡತ ವ್ಯವಸ್ಥೆಯನ್ನು ಹುಡುಕಿ, ಜೋಡಿಸಿ, ಹೊಣೆಯನ್ನು ಮೊದಲ ಪ್ರಕ್ರಿಯೆಗೆ ಒಪ್ಪಿಸಿ ಮರೆಯಾಗುತ್ತದೆ. ಮೊದಲ ಪ್ರಕ್ರಿಯೆಯು ಇಂದು ಬಹುತೇಕ ವಿತರಣೆಗಳಲ್ಲಿ 'ಸಿಸ್ಟಮ್‌ಡಿ'. 2010ರಲ್ಲಿ ಲೆನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ ಇದರ ಅಭಿವೃದ್ಧಿ ಆರಂಭಿಸಿದರು. 2011ರಲ್ಲಿ ಫೆಡೋರಾ 15, 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04 ಇದನ್ನು ಸ್ವೀಕರಿಸಿದವು. ಅದಕ್ಕೂ ಹಿಂದಿನ ಸಾಂಪ್ರದಾಯಿಕ ವ್ಯವಸ್ಥೆಯಲ್ಲಿ ಸೇವೆಗಳು ಮುಖ್ಯವಾಗಿ ಒಂದರ ಹಿಂದೆ ಒಂದು ಆರಂಭವಾಗುತ್ತಿದ್ದವು. ಸಿಸ್ಟಮ್‌ಡಿ ಅವುಗಳನ್ನು ಏಕಕಾಲಕ್ಕೆ ಆರಂಭಿಸುತ್ತದೆ. ಬೂಟ್ ಇದರಿಂದ ಶೀಘ್ರವಾಯಿತು. ದೋಷಪತ್ತೆ ಮಾತ್ರ ಕೊಂಚ ಜಟಿಲವಾಯಿತು. ಕೊನೆಯಲ್ಲಿ ಡಿಸ್‌ಪ್ಲೇ ಮ್ಯಾನೇಜರ್ ಎಂಬ ಸೇವೆ ಚಿತ್ರಾತ್ಮಕ ಪ್ರವೇಶ ತೆರೆಯನ್ನು ಮೂಡಿಸುತ್ತದೆ.

ಯಂತ್ರ ನಿಜಕ್ಕೂ ನಿಂತಿದೆಯೇ

ತೆರೆ ಕಪ್ಪಾಗಿದೆ ಎಂದಮಾತ್ರಕ್ಕೆ ಕರ್ನಲ್ ನಿಂತಿದೆ ಎಂದು ಅರ್ಥವಲ್ಲ. ಇದನ್ನು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿದಾಗ ಅದರ ದೀಪ ಹೊತ್ತಿ ಆರುತ್ತಿದ್ದರೆ ಕರ್ನಲ್ ಸಾಮಾನ್ಯವಾಗಿ ಜೀವಂತವಾಗಿದೆ, ತೊಂದರೆ ಇರುವುದು ತೆರೆಯ ಕಡೆ ಅಥವಾ ಮೇಲಿನ ಸೇವೆಗಳಲ್ಲಿ. ದೀಪಕ್ಕೆ ಯಾವ ಪ್ರತಿಕ್ರಿಯೆಯೂ ಇಲ್ಲದಿದ್ದರೆ ಕರ್ನಲ್ ಅಥವಾ ಯಂತ್ರಾಂಶವೇ ಸ್ತಬ್ಧವಾಗಿರುವ ಸಂಭವ ಹೆಚ್ಚು. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಯಾರೂ ಒತ್ತದೆಯೇ ಆ ದೀಪ ತಾನಾಗಿ ಮಿನುಗತೊಡಗಿದರೆ ಅದು 'ಕರ್ನಲ್ ಪ್ಯಾನಿಕ್' ಎಂಬ ಸ್ಥಿತಿಯ ಸೂಚನೆ: ಕರ್ನಲ್ ತಾನು ಮುಂದುವರಿಯಲಾರೆನೆಂದು ತೀರ್ಮಾನಿಸಿ ನಿಂತಿದೆ.

ಕರ್ನಲ್ ಜೀವಂತವಾಗಿದ್ದರೆ ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ ಪಠ್ಯ ಕನ್ಸೋಲಿಗೆ ಹೋಗಬಹುದು. ಅಲ್ಲಿ ಪ್ರವೇಶದ ಸಾಲು ಮೂಡಿದರೆ ಅರ್ಧ ಕೆಲಸ ಮುಗಿದಂತೆಯೇ. ಮೂಡದಿದ್ದರೆ ಪವರ್ ಗುಂಡಿಯನ್ನು ಅದುಮಿ ಹಿಡಿಯುವ ಮುನ್ನ ಇನ್ನೊಂದು ದಾರಿಯಿದೆ. ಆಲ್ಟ್ ಹಾಗೂ ಸಿಸ್‌ರಿಕ್ ಕೀಲಿಗಳನ್ನು ಹಿಡಿದು ಎಸ್, ಯು, ಬಿ ಅಕ್ಷರಗಳನ್ನು ಕೆಲವು ಸೆಕೆಂಡುಗಳ ಅಂತರದಲ್ಲಿ ಒತ್ತಿದರೆ ಕರ್ನಲ್ ಕ್ರಮವಾಗಿ ಬಾಕಿ ದತ್ತಾಂಶವನ್ನು ಡಿಸ್ಕಿಗೆ ಬರೆದು, ಕಡತ ವ್ಯವಸ್ಥೆಗಳನ್ನು ಓದಲು ಮಾತ್ರ ಸಾಧ್ಯವಿರುವಂತೆ ಬದಲಿಸಿ, ಯಂತ್ರವನ್ನು ಮರುಚಾಲನೆಗೊಳಿಸುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಸಿಸ್‌ರಿಕ್ ಸಾಮಾನ್ಯವಾಗಿ ಪ್ರಿಂಟ್ ಸ್ಕ್ರೀನ್ ಕೀಲಿಯೊಡನೆ ಬೆರೆತಿರುತ್ತದೆ, ಕೆಲವೆಡೆ ಎಫ್‌ಎನ್ ಕೀಲಿಯೂ ಬೇಕಾಗುತ್ತದೆ. ಉಬುಂಟುವಿನಲ್ಲಿ ಈ ಮೂರು ಅಕ್ಷರಗಳಿಗೂ ಅನುಮತಿಯಿದೆ. ಕೆಲವು ವಿತರಣೆಗಳು ಇವುಗಳಲ್ಲಿ ಕೆಲವನ್ನು ನಿರ್ಬಂಧಿಸಿವೆ.

ಇದರ ಪ್ರಯೋಜನ ಸುರಕ್ಷತೆಗಷ್ಟೇ ಸೀಮಿತವಲ್ಲ. ಸಿಸ್ಟಮ್‌ಡಿಯ ದಿನಚರಿ ಸೇವೆಯು ಸಾಮಾನ್ಯ ಸಂದೇಶಗಳನ್ನು ಡಿಸ್ಕಿನಲ್ಲಿ ಖಚಿತಪಡಿಸಿಕೊಳ್ಳುವುದು ಪೂರ್ವನಿಯೋಜಿತವಾಗಿ 5 ನಿಮಿಷಗಳಿಗೊಮ್ಮೆ. ನಿಂತ ತಕ್ಷಣ ಪವರ್ ಗುಂಡಿಯಿಂದ ಆರಿಸಿದರೆ ಸ್ಥಗಿತಕ್ಕೆ ಕಾರಣವನ್ನು ಹೇಳಬಹುದಾಗಿದ್ದ ಕೊನೆಯ ಸಾಲುಗಳೇ ಕಳೆದುಹೋಗಬಹುದು.

ಸಂದೇಶಗಳನ್ನು ಹೊರತರುವುದು

ವಿತರಣೆಗಳು ಬೂಟ್ ಸಂದೇಶಗಳನ್ನು ಅಂದದ ಲಾಂಛನದ ಹಿಂದೆ ಮರೆಮಾಡುತ್ತವೆ. ಎಲ್ಲವೂ ಸರಿಯಿದ್ದಾಗ ಇದು ಸೊಗಸು. ಕೆಟ್ಟಾಗ ಇದೇ ಅಡ್ಡಿ. ಲಾಂಛನ ಕಾಣುತ್ತಿರುವಾಗ ಎಸ್ಕೇಪ್ ಕೀಲಿಯನ್ನು ಒತ್ತಿದರೆ ಅನೇಕ ವೇಳೆ ಸಂದೇಶಗಳು ತೆರೆಗೆ ಬರುತ್ತವೆ. ಅದು ಫಲಿಸದಿದ್ದರೆ ಗ್ರಬ್ ಪಟ್ಟಿಯನ್ನು ತೆರೆಯಬೇಕು. ಯುಇಎಫ್‌ಐ ಯಂತ್ರಗಳಲ್ಲಿ ತಯಾರಕರ ಲಾಂಛನ ಮರೆಯಾದೊಡನೆ ಎಸ್ಕೇಪ್ ಕೀಲಿಯನ್ನು, ಹಳೆಯ ಬಯೋಸ್ ಯಂತ್ರಗಳಲ್ಲಿ ಶಿಫ್ಟ್ ಕೀಲಿಯನ್ನು ಬಳಸುವುದು ರೂಢಿ. ಪಟ್ಟಿಯಲ್ಲಿ ಬೇಕಾದ ಸಾಲಿನ ಮೇಲೆ ನಿಂತು ಇಂಗ್ಲಿಷಿನ 'ಇ' ಅಕ್ಷರವನ್ನು ಒತ್ತಿದರೆ ಬೂಟ್ ಸೂಚನೆಗಳು ತಿದ್ದಲು ಸಿಗುತ್ತವೆ. 'ಲಿನಕ್ಸ್' ಎಂಬ ಪದದಿಂದ ಆರಂಭವಾಗುವ ಸಾಲಿನ ತುದಿಯಲ್ಲಿ 'ಕ್ವೈಟ್' ಮತ್ತು 'ಸ್ಪ್ಲಾಶ್' ಎಂಬ ಎರಡು ಪದಗಳಿರುತ್ತವೆ (ಫೆಡೋರಾದಲ್ಲಿ 'ಆರ್‌ಎಚ್‌ಜಿಬಿ' ಮತ್ತು 'ಕ್ವೈಟ್'). ಅವನ್ನು ಅಳಿಸಿ ಎಫ್10 ಒತ್ತಿದರೆ ಯಂತ್ರವು ತನ್ನ ಪ್ರತಿಯೊಂದು ಹೆಜ್ಜೆಯನ್ನೂ ಬರೆಯುತ್ತಾ ಆರಂಭವಾಗುತ್ತದೆ. ಈ ತಿದ್ದುಪಡಿ ಆ ಒಂದು ಬಾರಿಗೆ ಮಾತ್ರ ಅನ್ವಯಿಸುವುದರಿಂದ ಏನಾದರೂ ತಪ್ಪಿದರೂ ಮುಂದಿನ ಬೂಟ್ ಮೊದಲಿನಂತೆಯೇ ಇರುತ್ತದೆ. ಸಂದೇಶಗಳು ವೇಗವಾಗಿ ಸರಿದುಹೋಗುವುದರಿಂದ ಮೊಬೈಲಿನಲ್ಲಿ ವಿಡಿಯೋ ತೆಗೆದುಕೊಳ್ಳುವುದು ಅನುಕೂಲ.

ಸಂದೇಶಗಳು ಕಂಡ ಮೇಲೆ ಎದುರಾಗುವ ದೊಡ್ಡ ತಪ್ಪು ತಿಳಿವಳಿಕೆ ಕೊನೆಯ ಸಾಲಿನದು. ತೆರೆಯ ಮೇಲಿನ ಕೊನೆಯ ಸಾಲು ಸಾಮಾನ್ಯವಾಗಿ ಅಪರಾಧಿಯನ್ನು ಹೇಳುವುದಿಲ್ಲ. ಯಶಸ್ವಿಯಾಗಿ ಮುಗಿದ ಕೊನೆಯ ಕೆಲಸವನ್ನು ಹೇಳುತ್ತದೆ. ನಿಂತಿರುವುದು ಅದರ ಮುಂದಿನ, ಇನ್ನೂ ಬಾಯಿಬಿಡದ ಕೆಲಸ. ಉಬುಂಟು ಬಳಕೆದಾರರಿಗೆ ಪರಿಚಿತವಾದ ಒಂದು ಸಾಲು ಇದಕ್ಕೆ ಒಳ್ಳೆಯ ನಿದರ್ಶನ. ಡಿಸ್ಕ್ ವಿಭಾಗದ ಹೆಸರು, ನಂತರ 'ಕ್ಲೀನ್' ಎಂಬ ಪದ, ನಂತರ ಕಡತಗಳ ಮತ್ತು ಬ್ಲಾಕ್‌ಗಳ ಸಂಖ್ಯೆ. ಅಲ್ಲಿಗೆ ಯಂತ್ರ ನಿಲ್ಲುತ್ತದೆ. ಇದನ್ನು ಕಂಡು ಡಿಸ್ಕ್ ಕೆಟ್ಟಿದೆ ಎಂದು ಗಾಬರಿಯಾಗುವವರು ಅನೇಕರು. ಆ ಸಾಲು ಹೇಳುತ್ತಿರುವುದು ಕಡತ ವ್ಯವಸ್ಥೆ ಪರೀಕ್ಷಿಸಲ್ಪಟ್ಟು ಸ್ವಚ್ಛವಾಗಿದೆ ಎಂದು. ನಿಜವಾದ ತೊಡಕು ಹೆಚ್ಚಾಗಿ ಅದರ ನಂತರ ಬರಬೇಕಿದ್ದ ಚಿತ್ರಾತ್ಮಕ ತೆರೆಯದು. 'ಲೋಡಿಂಗ್ ಇನಿಶಿಯಲ್ ರಾಮ್‌ಡಿಸ್ಕ್' ಎಂಬ ಸಾಲಿನದೂ ಇದೇ ಕಥೆ: ಅದು ಗ್ರಬ್‌ನ ಕಡೆಯ ಮಾತು, ಅದರ ಬಳಿಕ ಕರ್ನಲ್ ಓಡುತ್ತಿದ್ದರೂ ತೆರೆಯನ್ನು ಹಿಡಿಯಲಾಗದೆ ಹೋಗಿರಬಹುದು.

ಗ್ರಾಫಿಕ್ಸ್ ಸಂಬಂಧಿತ ಸ್ಥಗಿತ

ಲ್ಯಾಪ್‌ಟಾಪ್‌ಗಳಲ್ಲಿ ಬೂಟ್ ನಿಲ್ಲಲು ಗ್ರಾಫಿಕ್ಸ್ ಡ್ರೈವರ್ ಬಹಳ ಸಾಮಾನ್ಯವಾದ ಕಾರಣ. ಹಿಂದೆ ತೆರೆಯ ಗಾತ್ರ ಮತ್ತು ಬಣ್ಣಗಳನ್ನು ನಿರ್ಧರಿಸುವ ಕೆಲಸವನ್ನು ಎಕ್ಸ್ ಸರ್ವರ್ ಮಾಡುತ್ತಿತ್ತು. 2009ರಲ್ಲಿ ಬಂದ 2.6.29ನೇ ಕರ್ನಲ್ ಆವೃತ್ತಿಯಿಂದ ಮೊದಲ್ಗೊಂಡು ಈ ಕೆಲಸ ಕ್ರಮೇಣ ಕರ್ನಲಿಗೆ ವರ್ಗವಾಯಿತು. ಇದರ ಫಲವಾಗಿ ತೆರೆ ಮಿನುಗದೆ ಸರಾಗವಾಗಿ ಬದಲಾಗತೊಡಗಿತು; ಜೊತೆಗೆ ಗ್ರಾಫಿಕ್ಸ್ ಡ್ರೈವರಿನ ದೋಷವು ಇಡೀ ಬೂಟನ್ನೇ ತಡೆಯುವ ಸಾಧ್ಯತೆಯೂ ಒದಗಿತು. ಎನ್‌ವಿಡಿಯಾ ಚಿಪ್‌ಗಳಿಗೆ ಕರ್ನಲ್‌ನಲ್ಲಿರುವ 'ನೂವೋ' ಡ್ರೈವರ್ ಬಹುಪಾಲು ಹಿಮ್ಮುಖ ತಂತ್ರಜ್ಞಾನದಿಂದ, ಅಂದರೆ ಚಿಪ್‌ನ ವರ್ತನೆಯನ್ನು ಗಮನಿಸಿ ಅದರ ಒಳಗುಟ್ಟನ್ನು ಊಹಿಸುವ ಕ್ರಮದಿಂದ ಸಿದ್ಧವಾದದ್ದು. ಹೊಸ ಚಿಪ್ ಬಂದಾಗ ಅದು ಹಿಂದುಳಿಯುವುದು ಸಹಜ.

ಇಲ್ಲಿ ಬಳಸುವ ಪರೀಕ್ಷೆ 'ನೋಮೋಡ್‌ಸೆಟ್' ಎಂಬ ಒಂದೇ ಪದ. ಗ್ರಬ್‌ನಲ್ಲಿ ಮೇಲೆ ಹೇಳಿದ ಸಾಲಿನ ತುದಿಗೆ ಇದನ್ನು ಸೇರಿಸಿದರೆ ಕರ್ನಲ್ ವಿಶೇಷ ಗ್ರಾಫಿಕ್ಸ್ ಡ್ರೈವರುಗಳನ್ನು ಬಿಟ್ಟು, ಫರ್ಮ್‌ವೇರ್ ಒದಗಿಸಿದ ಸರಳ ತೆರೆಯಲ್ಲಿಯೇ ಮುಂದುವರಿಯುತ್ತದೆ. ಯಂತ್ರ ಆಗ ಆರಂಭವಾದರೆ ದೋಷದ ನೆಲೆ ತಿಳಿದಂತಾಯಿತು. ಆದರೆ ಇದು ಪರೀಕ್ಷೆಯೇ ಹೊರತು ಪರಿಹಾರವಲ್ಲ. ಇದನ್ನೇ ಶಾಶ್ವತವಾಗಿ ಉಳಿಸಿಕೊಂಡರೆ ತೆರೆಯ ಪ್ರಕಾಶದ ಹೊಂದಾಣಿಕೆ, ಹೊರ ತೆರೆಯ ಜೋಡಣೆ, ನಿದ್ರಾಸ್ಥಿತಿ ಮುಂತಾದವು ಕೈಕೊಡುತ್ತವೆ. ಯಂತ್ರ ತೆರೆದ ಮೇಲೆ ಸೂಕ್ತ ಡ್ರೈವರನ್ನು ಅಳವಡಿಸಿ ಆ ಪದವನ್ನು ತೆಗೆಯುವುದೇ ಸರಿಯಾದ ಕ್ರಮ. ಸಾಲಿನ ತುದಿಗೆ 3 ಎಂಬ ಅಂಕಿಯನ್ನಷ್ಟೇ ಸೇರಿಸಿದರೂ ಉಪಯೋಗವಿದೆ: ಸಿಸ್ಟಮ್‌ಡಿ ಅದನ್ನು ಚಿತ್ರಾತ್ಮಕ ತೆರೆಯಿಲ್ಲದ ಬಹುಬಳಕೆದಾರ ಸ್ಥಿತಿ ಎಂದು ಅರ್ಥೈಸಿ ಪಠ್ಯ ಪ್ರವೇಶಕ್ಕೆ ನಿಲ್ಲುತ್ತದೆ.

ಕರ್ನಲ್ ನವೀಕರಣದ ಮರುದಿನ ತೆರೆ ಕಪ್ಪಾಯಿತು ಎಂಬುದು ಇನ್ನೊಂದು ಪರಿಚಿತ ದೂರು. ಹೊರಗಿನಿಂದ ಅಳವಡಿಸಿದ ಡ್ರೈವರುಗಳನ್ನು ಪ್ರತಿಯೊಂದು ಹೊಸ ಕರ್ನಲ್‌ಗೂ ಪುನಃ ಕಟ್ಟಬೇಕಾಗುತ್ತದೆ. ಅದಕ್ಕೆ ಬೇಕಾದ ಹೆಡರ್ ಕಡತಗಳು ಇಲ್ಲದಿದ್ದರೆ ಹೊಸ ಕರ್ನಲ್ ಡ್ರೈವರಿಲ್ಲದೆಯೇ ಆರಂಭವಾಗುತ್ತದೆ. ಗ್ರಬ್ ಪಟ್ಟಿಯ 'ಅಡ್ವಾನ್ಸ್‌ಡ್ ಆಪ್ಶನ್ಸ್' ಒಳಗೆ ಹಿಂದಿನ ಕರ್ನಲ್ ಸಾಮಾನ್ಯವಾಗಿ ಉಳಿದಿರುತ್ತದೆ. ಅದರಿಂದ ಆರಂಭಿಸಿದಾಗ ಯಂತ್ರ ಸರಿಯಾಗಿ ನಡೆದರೆ ದೋಷ ಹೊಸ ಕರ್ನಲ್ ಅಥವಾ ಅದರ ಡ್ರೈವರಿನದು ಎಂದು ನಿಶ್ಚಯಿಸಬಹುದು. ಬೇರಾವ ಪ್ರಯೋಗಕ್ಕಿಂತ ಮೊದಲು ಮಾಡಬೇಕಾದ ಪ್ರಯತ್ನ ಇದು, ಏಕೆಂದರೆ ಇದರಲ್ಲಿ ಏನನ್ನೂ ತಿದ್ದಬೇಕಾಗಿಲ್ಲ.

ತೊಂಬತ್ತು ಸೆಕೆಂಡುಗಳ ಕಾಯುವಿಕೆ

'ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್' ಎಂದು ಮೊದಲಾಗಿ, ಪಕ್ಕದಲ್ಲಿ ಸೆಕೆಂಡುಗಳು ಏರುತ್ತಾ 1 ನಿಮಿಷ 30 ಸೆಕೆಂಡುಗಳ ಮಿತಿಯನ್ನು ತೋರಿಸುವ ಸಾಲು ಕಂಡರೆ ಯಂತ್ರ ಕೆಟ್ಟಿಲ್ಲ, ಕಾಯುತ್ತಿದೆ. '/ಇಟಿಸಿ/ಎಫ್‌ಎಸ್‌ಟ್ಯಾಬ್' ಎಂಬ ಕಡತದಲ್ಲಿ ಬೂಟ್ ವೇಳೆ ಜೋಡಿಸಬೇಕಾದ ಡಿಸ್ಕ್ ವಿಭಾಗಗಳ ಪಟ್ಟಿಯಿರುತ್ತದೆ. ಪಟ್ಟಿಯಲ್ಲಿರುವ ವಿಭಾಗ ಸಿಗದಿದ್ದರೆ ಸಿಸ್ಟಮ್‌ಡಿ ಪೂರ್ವನಿಯೋಜಿತವಾಗಿ 90 ಸೆಕೆಂಡು ಕಾದು, ಆ ವಿಭಾಗ ಅತ್ಯವಶ್ಯವೆಂದು ನಮೂದಾಗಿದ್ದರೆ 'ಎಮರ್ಜೆನ್ಸಿ ಮೋಡ್' ಎಂಬ ತುರ್ತು ಸ್ಥಿತಿಗೆ ಇಳಿಯುತ್ತದೆ. ಕೆಲವು ವಿತರಣೆಗಳಲ್ಲಿ ಆಡಳಿತ ಖಾತೆಗೆ ಬೀಗ ಹಾಕಿರುವುದರಿಂದ ತುರ್ತು ಸ್ಥಿತಿಯೊಳಗೂ ಪ್ರವೇಶ ದೊರೆಯದೆ ಬಳಕೆದಾರರು ಎರಡು ಬಾಗಿಲುಗಳ ನಡುವೆ ಸಿಕ್ಕಿಕೊಳ್ಳುವುದುಂಟು.

ವಿಭಾಗ ಕಾಣೆಯಾಗುವುದು ಹೇಗೆ? ಪ್ರತಿಯೊಂದು ವಿಭಾಗಕ್ಕೂ ಯುಯುಐಡಿ ಎಂಬ ದೀರ್ಘ ಗುರುತು ಸಂಖ್ಯೆಯಿದೆ. ವಿಭಾಗವನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿದಾಗ ಅದು ಬದಲಾಗುತ್ತದೆ. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡನೆಯ ವಿತರಣೆಯನ್ನು ಅಳವಡಿಸಿದಾಗ ಅದರ ಅಳವಡಿಕೆ ತಂತ್ರಾಂಶ ಸ್ವಾಪ್ ವಿಭಾಗವನ್ನು ಮತ್ತೆ ಫಾರ್ಮ್ಯಾಟ್ ಮಾಡಿಬಿಟ್ಟರೆ ಮೊದಲನೆಯ ವಿತರಣೆಯ ಪಟ್ಟಿಯಲ್ಲಿ ಹಳೆಯ ಸಂಖ್ಯೆಯೇ ಉಳಿಯುತ್ತದೆ. ಮರುದಿನದಿಂದ ಮೊದಲನೆಯ ವಿತರಣೆ ಇಲ್ಲದ ಸ್ವಾಪ್‌ಗಾಗಿ ಪ್ರತಿ ಬಾರಿಯೂ ಒಂದೂವರೆ ನಿಮಿಷ ಕಾಯುತ್ತದೆ. ಹೊರಗಿನ ಹಾರ್ಡ್ ಡಿಸ್ಕನ್ನು ಪಟ್ಟಿಗೆ ಸೇರಿಸಿ ಅದನ್ನು ಮನೆಯಲ್ಲಿ ಮರೆತು ಕಾಲೇಜಿಗೆ ಹೋದವರಿಗೂ ಇದೇ ಗತಿ. ವಿಂಡೋಸ್ ಜೊತೆಗಿರುವ ಯಂತ್ರಗಳಲ್ಲಿ 'ಫಾಸ್ಟ್ ಸ್ಟಾರ್ಟಪ್' ಸೌಲಭ್ಯ ವಿಂಡೋಸ್ ವಿಭಾಗವನ್ನು ಅರೆನಿದ್ರೆಯ ಸ್ಥಿತಿಯಲ್ಲಿ ಬಿಡುತ್ತದೆ. ಅಂತಹ ವಿಭಾಗವನ್ನು ಬರೆಯುವ ಅನುಮತಿಯೊಡನೆ ಜೋಡಿಸಲು ಲಿನಕ್ಸ್ ನಿರಾಕರಿಸುತ್ತದೆ. ದತ್ತಾಂಶದ ರಕ್ಷಣೆಯ ದೃಷ್ಟಿಯಿಂದ ಆ ನಿರಾಕರಣೆ ಯುಕ್ತವೇ.

ಬೂಟ್‌ಗೆ ಅನಿವಾರ್ಯವಲ್ಲದ ವಿಭಾಗಗಳ ಸಾಲಿನಲ್ಲಿ 'ನೋಫೇಲ್' ಎಂಬ ಆಯ್ಕೆಯನ್ನು ಸೇರಿಸಿದರೆ ಅವು ಸಿಗದಿದ್ದರೂ ಬೂಟ್ ಮುಂದುವರಿಯುತ್ತದೆ. ಪ್ರಸ್ತುತ ಇರುವ ಗುರುತು ಸಂಖ್ಯೆಗಳನ್ನು 'ಬಿಎಲ್‌ಕೆಐಡಿ' ಎಂಬ ಆದೇಶದಿಂದ ತಿಳಿಯಬಹುದು.

ಯಂತ್ರ ನಿಲ್ಲದೆ ಕೇವಲ ನಿಧಾನವಾಗಿದ್ದರೆ 'ಸಿಸ್ಟಮ್‌ಡಿ-ಅನಲೈಸ್ ಬ್ಲೇಮ್' ಆದೇಶವು ಪ್ರತಿ ಸೇವೆ ತೆಗೆದುಕೊಂಡ ಸಮಯವನ್ನು ಪಟ್ಟಿ ಮಾಡುತ್ತದೆ. 'ಬ್ಲೇಮ್' ಎಂದರೆ ದೂಷಣೆ. ಹೆಸರಿಗೆ ತಕ್ಕಂತೆ ಅದು ನಿರಪರಾಧಿಗಳನ್ನೂ ದೂಷಿಸುತ್ತದೆ. ಬೇರೊಂದಕ್ಕಾಗಿ ಕಾದು ಕುಳಿತ ಸೇವೆಯೂ ಅಲ್ಲಿ ಮೇಲೆ ಕಾಣಬಹುದು. ಯಾವುದು ಯಾವುದಕ್ಕಾಗಿ ಕಾಯಿತು ಎಂಬ ಸರಪಳಿಯನ್ನು ತೋರಿಸುವುದು 'ಸಿಸ್ಟಮ್‌ಡಿ-ಅನಲೈಸ್ ಕ್ರಿಟಿಕಲ್-ಚೈನ್'. ನಿಂತುಹೋದ ಹಿಂದಿನ ಬೂಟಿನ ದಾಖಲೆಯನ್ನು 'ಜರ್ನಲ್‌ಸಿಟಿಎಲ್ -ಬಿ -1' ಆದೇಶದಿಂದ ಓದಬಹುದು. ಆದರೆ ಮೂಲ ಕಡತ ವ್ಯವಸ್ಥೆ ಜೋಡಣೆಯಾಗುವ ಮೊದಲೇ ಯಂತ್ರ ನಿಂತಿದ್ದರೆ ಅಲ್ಲಿ ಏನೂ ಇರುವುದಿಲ್ಲ. ಬರೆಯಲು ಸ್ಥಳವೇ ಸಿಕ್ಕಿರುವುದಿಲ್ಲವಷ್ಟೆ.

ಸ್ಥಳಾಭಾವ

ಕೆಲವು ಅಳವಡಿಕೆಗಳಲ್ಲಿ '/ಬೂಟ್' ಪ್ರತ್ಯೇಕವಾದ ಸಣ್ಣ ವಿಭಾಗ. ಹಳೆಯ ಕರ್ನಲ್‌ಗಳು ಅಲ್ಲಿ ಕೂಡುತ್ತಾ ಹೋಗಿ ಜಾಗ ತುಂಬಿದಾಗ ನವೀಕರಣ ಅರ್ಧಕ್ಕೆ ನಿಲ್ಲುತ್ತದೆ: ಕರ್ನಲ್ ಬರೆದಾಗಿರುತ್ತದೆ, ಇನಿಟ್‌ರಾಮ್‌ಎಫ್‌ಎಸ್‌ಗೆ ಜಾಗ ಉಳಿದಿರುವುದಿಲ್ಲ. ಮುಂದಿನ ಬೂಟಿನಲ್ಲಿ ಮೂಲ ಕಡತ ವ್ಯವಸ್ಥೆಯನ್ನು ಜೋಡಿಸಲಾಗಲಿಲ್ಲ ಎಂಬ ಕರ್ನಲ್ ಪ್ಯಾನಿಕ್ ಕಾಣಿಸಿಕೊಳ್ಳುತ್ತದೆ. ಹಿಂದಿನ ಕರ್ನಲ್‌ನಿಂದ ಆರಂಭಿಸಿ, ಬೇಡದ ಕರ್ನಲ್‌ಗಳನ್ನು ಪ್ಯಾಕೇಜ್ ವ್ಯವಸ್ಥೆಯ ಮೂಲಕವೇ ತೆಗೆದು, ಇನಿಟ್‌ರಾಮ್‌ಎಫ್‌ಎಸ್ ಅನ್ನು ಮತ್ತೆ ರಚಿಸಿದರೆ (ಉಬುಂಟು, ಡೆಬಿಯನ್‌ಗಳಲ್ಲಿ 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್', ಫೆಡೋರಾದಲ್ಲಿ 'ಡ್ರಾಕಟ್') ತೊಂದರೆ ನಿವಾರಣೆಯಾಗುತ್ತದೆ.

ಮೂಲ ವಿಭಾಗವೇ ತುಂಬಿದ್ದರೆ ಲಕ್ಷಣ ಬೇರೆ. ಪ್ರವೇಶ ತೆರೆ ಬರುವುದೇ ಇಲ್ಲ, ಅಥವಾ ಸರಿಯಾದ ಗುಪ್ತಪದ ಕೊಟ್ಟರೂ ಅದೇ ತೆರೆ ಮರಳಿ ಬರುತ್ತದೆ, ಏಕೆಂದರೆ ಅಧಿವೇಶನವು ತನ್ನ ತಾತ್ಕಾಲಿಕ ಕಡತಗಳನ್ನು ಬರೆಯಲಾರದು. ಇಎಕ್ಸ್‌ಟಿ4 ಕಡತ ವ್ಯವಸ್ಥೆ ಪೂರ್ವನಿಯೋಜಿತವಾಗಿ 5 ಶೇಕಡಾ ಜಾಗವನ್ನು ಆಡಳಿತ ಖಾತೆಗೆ ಕಾದಿರಿಸುವುದರಿಂದ ಪಠ್ಯ ಕನ್ಸೋಲಿನಿಂದ ಒಳಹೊಕ್ಕು ಜಾಗ ತೆರವು ಮಾಡಲು ಅವಕಾಶ ಉಳಿದಿರುತ್ತದೆ.

ಫರ್ಮ್‌ವೇರ್ ಮತ್ತು ಸೆಕ್ಯೂರ್ ಬೂಟ್

ತಯಾರಕರ ಲಾಂಛನದಲ್ಲಿಯೇ ಯಂತ್ರ ನಿಂತಿದ್ದರೆ ಲಿನಕ್ಸ್ ಇನ್ನೂ ಆರಂಭವೇ ಆಗಿರುವುದಿಲ್ಲ. ಯುಎಸ್‌ಬಿ ಸಾಧನಗಳನ್ನೆಲ್ಲ ಕಳಚಿ ನೋಡುವುದು ಇಲ್ಲಿ ಮೊದಲ ಉಪಾಯ. ಫರ್ಮ್‌ವೇರ್‌ನ ದೋಷ ಮತ್ತು ಕಾರ್ಯಾಚರಣ ವ್ಯವಸ್ಥೆಯ ದೋಷ ಒಂದಕ್ಕೊಂದು ಹೆಣೆದುಕೊಳ್ಳುವುದೂ ಉಂಟು. 2017ರ ಡಿಸೆಂಬರಿನಲ್ಲಿ ಉಬುಂಟು 17.10ರ ಡೌನ್‌ಲೋಡನ್ನು ತಾತ್ಕಾಲಿಕವಾಗಿ ಹಿಂತೆಗೆದುಕೊಳ್ಳಲಾಯಿತು. ಅದರ ಕರ್ನಲ್‌ನಲ್ಲಿ ಸೇರಿಕೊಂಡಿದ್ದ ಒಂದು ಇಂಟೆಲ್ ಡ್ರೈವರ್ ಕೆಲವು ಲೆನೊವೊ ಮತ್ತಿತರ ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್ ಸ್ಮೃತಿಯನ್ನು ಕೆಡಿಸಿ, ಬಯೋಸ್ ಹೊಂದಾಣಿಕೆಗಳನ್ನು ಉಳಿಸಲಾಗದಂತೆ, ಕೆಲವೆಡೆ ಯುಎಸ್‌ಬಿಯಿಂದ ಬೂಟ್ ಮಾಡಲಾಗದಂತೆ ಮಾಡಿತ್ತು. ತಿದ್ದಿದ ಆವೃತ್ತಿ 2018ರ ಜನವರಿಯಲ್ಲಿ ಬಂತು.

ಸಹಿಯಿಲ್ಲದ ಬೂಟ್ ತಂತ್ರಾಂಶವನ್ನು ತಡೆಯುವ 'ಸೆಕ್ಯೂರ್ ಬೂಟ್' ವ್ಯವಸ್ಥೆಯೂ ಒಮ್ಮೊಮ್ಮೆ ದಾರಿಗೆ ಅಡ್ಡ ಬರುತ್ತದೆ. 2024ರ ಆಗಸ್ಟ್ 13ರಂದು ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಮಾಸಿಕ ನವೀಕರಣವು ಹಳೆಯ, ಅಸುರಕ್ಷಿತ ಬೂಟ್ ಲೋಡರುಗಳನ್ನು ತಡೆಯುವ ಉದ್ದೇಶದ್ದು. ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ಯಂತ್ರಗಳಿಗೆ ಅದು ಅನ್ವಯಿಸಬಾರದೆಂಬ ಯೋಜನೆಯಿದ್ದರೂ ಹಲವು ಯಂತ್ರಗಳಲ್ಲಿ ಅನ್ವಯವಾಗಿ, ಲಿನಕ್ಸ್ ಆರಂಭವಾಗದೆ 'ಸೆಕ್ಯುರಿಟಿ ಪಾಲಿಸಿ ವಯಲೇಶನ್' ಎಂಬ ಸಂದೇಶ ಬಂತು. ಇಂತಹ ಪ್ರಸಂಗದಲ್ಲಿ ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಲಿನಕ್ಸ್ ಪ್ರವೇಶಿಸಿ ಬೂಟ್ ಲೋಡರನ್ನು ನವೀಕರಿಸಲಾಗುತ್ತದೆ. ಒಂದು ಎಚ್ಚರಿಕೆ: ವಿಂಡೋಸ್ ವಿಭಾಗಕ್ಕೆ ಬಿಟ್‌ಲಾಕರ್ ಗೂಢಲಿಪೀಕರಣ ಇದ್ದರೆ ಈ ಬದಲಾವಣೆಯ ಬಳಿಕ ವಿಂಡೋಸ್ ತನ್ನ ಮರುಪ್ರಾಪ್ತಿ ಕೀಲಿಯನ್ನು ಕೇಳಬಹುದು. ಆ ಕೀಲಿ ಕೈಯಲ್ಲಿಲ್ಲದೆ ಫರ್ಮ್‌ವೇರ್ ಹೊಂದಾಣಿಕೆಗಳನ್ನು ಮುಟ್ಟುವುದು ಸಲ್ಲದು.

2019ರ ಯಾದೃಚ್ಛಿಕತೆಯ ಪ್ರಸಂಗ

ಬೂಟ್ ಸ್ಥಗಿತದ ಕಾರಣ ಎಷ್ಟು ದೂರದಲ್ಲಿ ಅಡಗಿರಬಹುದು ಎಂಬುದಕ್ಕೆ ಕರ್ನಲ್ 5.3ರ ಅಭಿವೃದ್ಧಿಯ ವೇಳೆ ನಡೆದ ಘಟನೆ ಪ್ರಸಿದ್ಧ ಉದಾಹರಣೆ. ಒಬ್ಬ ಅಭಿವೃದ್ಧಿಕಾರರ ಲ್ಯಾಪ್‌ಟಾಪ್ ಹೊಸ ಕರ್ನಲ್‌ನಲ್ಲಿ ಪ್ರವೇಶ ತೆರೆಗೆ ಮುನ್ನ ನಿಲ್ಲತೊಡಗಿತು. ಹುಡುಕಿದಾಗ ಸಿಕ್ಕ ಬದಲಾವಣೆ ಇಎಕ್ಸ್‌ಟಿ4 ಕಡತ ವ್ಯವಸ್ಥೆಯ ಒಂದು ಸುಧಾರಣೆ. ಅದರಲ್ಲಿ ಯಾವ ತಪ್ಪೂ ಇರಲಿಲ್ಲ. ಡಿಸ್ಕಿನ ಓದುಗಳನ್ನು ಒಟ್ಟುಗೂಡಿಸಿ ಕಡಿಮೆ ಬಾರಿ ಡಿಸ್ಕನ್ನು ಮುಟ್ಟುವಂತೆ ಅದು ಮಾಡಿತ್ತು.

ತೊಡಕು ಹುಟ್ಟಿದ್ದು ಹೀಗೆ. ಗೂಢಲಿಪಿ ಮುಂತಾದ ಕೆಲಸಗಳಿಗೆ ಬೇಕಾದ ಯಾದೃಚ್ಛಿಕ ಸಂಖ್ಯೆಗಳಿಗಾಗಿ ಕರ್ನಲ್ ಯಂತ್ರದೊಳಗಿನ ಅನಿಶ್ಚಿತ ಘಟನೆಗಳ ಕಾಲವನ್ನು ಕೂಡಿಹಾಕುತ್ತದೆ. ಡಿಸ್ಕಿನಿಂದ, ಕೀಲಿಮಣೆಯಿಂದ ಬರುವ ಇಂಟರಪ್ಟ್‌ಗಳು ಅದರ ಮುಖ್ಯ ಮೂಲ. ಡಿಸ್ಕಿನ ಕೆಲಸ ಕಡಿಮೆಯಾದಾಗ ಇಂಟರಪ್ಟ್‌ಗಳೂ ಕಡಿಮೆಯಾದವು. ಅತ್ತ ಬೂಟ್ ವೇಳೆ ಒಂದು ತಂತ್ರಾಂಶ 'ಗೆಟ್‌ರ‍್ಯಾಂಡಮ್' ಎಂಬ ಕರೆಯ ಮೂಲಕ ಯಾದೃಚ್ಛಿಕ ಸಂಖ್ಯೆ ಕೇಳಿ, ಸಾಕಷ್ಟು ಸಂಗ್ರಹವಾಗುವವರೆಗೆ ಕಾದು ಕುಳಿತಿತು. ಅದು ಕಾಯುತ್ತಿರುವುದರಿಂದ ಬೂಟ್ ಮುಂದುವರಿಯಲಿಲ್ಲ. ಬೂಟ್ ಮುಂದುವರಿಯದ್ದರಿಂದ ಡಿಸ್ಕಿಗೆ ಕೆಲಸವಿಲ್ಲ. ಕೆಲಸವಿಲ್ಲದ್ದರಿಂದ ಇಂಟರಪ್ಟ್ ಇಲ್ಲ, ಸಂಗ್ರಹವೂ ಇಲ್ಲ. ಇಂತಹ ಸ್ಥಗಿತದಲ್ಲಿ ಕೀಲಿಮಣೆಯ ಗುಂಡಿಗಳನ್ನು ಸುಮ್ಮನೆ ಒತ್ತುತ್ತಾ ಹೋದರೆ ಯಂತ್ರ ಎಚ್ಚೆತ್ತು ಮುಂದುವರಿಯುತ್ತಿತ್ತು. ಹೊರಗಿನಿಂದ ನೋಡುವವರಿಗೆ ಇದು ಮಂತ್ರದಂತೆ ಕಂಡರೂ ಪ್ರತಿ ಒತ್ತೂ ಒಂದು ಅನಿಶ್ಚಿತ ಘಟನೆಯಾಗಿ ಸಂಗ್ರಹಕ್ಕೆ ಸೇರುತ್ತಿತ್ತಷ್ಟೆ.

2019ರ ಸೆಪ್ಟೆಂಬರ್ 15ರಂದು 5.3 ಆವೃತ್ತಿಯನ್ನು ಬಿಡುಗಡೆ ಮಾಡುವಾಗ ಲಿನಸ್ ಟೊರ್ವಾಲ್ಡ್ಸ್ ಆ ಸುಧಾರಣೆಯನ್ನು ಹಿಂತೆಗೆದುಕೊಂಡರು. ಬದಲಾವಣೆ ಸ್ವತಃ ಸರಿಯಾಗಿದ್ದರೂ ಅದರಿಂದ ಬಳಕೆದಾರರ ಯಂತ್ರ ಕೆಲಸ ಮಾಡದಂತಾದರೆ ಅದನ್ನು ಉಳಿಸಿಕೊಳ್ಳಲಾಗದು ಎಂಬುದು ಅವರ ನಿಲುವು. ನವೆಂಬರಿನಲ್ಲಿ ಬಂದ 5.4ರಲ್ಲಿ ಮೂಲ ತೊಡಕಿಗೇ ಪರಿಹಾರ ಬಂತು: ಯಾರಾದರೂ ಕಾಯುತ್ತಿದ್ದರೆ ಕರ್ನಲ್ ಸಂಸ್ಕಾರಕದ ಗಡಿಯಾರದ ಸೂಕ್ಷ್ಮ ಏರಿಳಿತಗಳಿಂದ ತಾನೇ ಯಾದೃಚ್ಛಿಕತೆಯನ್ನು ಉತ್ಪಾದಿಸತೊಡಗಿತು. 5.4 ಅಥವಾ ಅದಕ್ಕಿಂತ ಹೊಸ ಕರ್ನಲ್ ಇರುವ ಸಾಮಾನ್ಯ ಲ್ಯಾಪ್‌ಟಾಪ್‌ಗಳಲ್ಲಿ ಈ ಬಗೆಯ ಸ್ಥಗಿತವನ್ನು ಶಂಕಿಸಬೇಕಾಗಿಲ್ಲ.

ಡಿಸ್ಕ್ ವೈಫಲ್ಯ ಮತ್ತು ದತ್ತಾಂಶ ರಕ್ಷಣೆ

ಮೇಲಿನ ಕಾರಣಗಳೆಲ್ಲವೂ ನಿಧಾನವಾಗಿ ಪರಿಶೀಲಿಸಿ ಸರಿಪಡಿಸಬಹುದಾದವು. ಡಿಸ್ಕ್ ಸಾಯುತ್ತಿರುವುದು ಹಾಗಲ್ಲ. ಸಂದೇಶಗಳಲ್ಲಿ 'ಐ/ಓ ಎರರ್' ಎಂಬ ಪದಗಳು ಪದೇ ಪದೇ ಕಾಣುವುದು, ಪ್ರತಿ ಸಾಲಿನ ನಡುವೆ ದೀರ್ಘ ವಿರಾಮ, ಹಳೆಯ ಬಗೆಯ ತಿರುಗುವ ಡಿಸ್ಕಾದರೆ ಟಕ್ ಟಕ್ ಸದ್ದು: ಇವು ಅದರ ಚಿಹ್ನೆಗಳು. ಉತ್ತರಿಸದ ಡಿಸ್ಕಿಗಾಗಿ ಕರ್ನಲ್ ಒಂದೊಂದು ಆದೇಶಕ್ಕೂ ಸಾಮಾನ್ಯವಾಗಿ 30 ಸೆಕೆಂಡು ಕಾದು ಮತ್ತೆ ಪ್ರಯತ್ನಿಸುವುದರಿಂದ ಬೂಟ್ ನಿಂತಂತೆ ತೋರುತ್ತದೆ.

ಇಂತಹ ಡಿಸ್ಕಿನಲ್ಲಿ ಮತ್ತೆ ಮತ್ತೆ ಬೂಟ್ ಮಾಡಿ ನೋಡುವುದು, 'ಎಫ್‌ಎಸ್‌ಸಿಕೆ' ಓಡಿಸುವುದು ಎರಡೂ ಅಪಾಯಕಾರಿ. ಎಫ್‌ಎಸ್‌ಸಿಕೆ ಕಡತ ವ್ಯವಸ್ಥೆಯನ್ನು ತಿದ್ದುವಾಗ ಡಿಸ್ಕಿಗೆ ಬರೆಯುತ್ತದೆ. ಸಾಯುತ್ತಿರುವ ಡಿಸ್ಕಿಗೆ ಬರೆಯುವುದರಿಂದ ಉಳಿಯಬಹುದಾಗಿದ್ದದ್ದೂ ಹೋಗಬಹುದು. ಮೊದಲು ದತ್ತಾಂಶವನ್ನು ಹೊರತೆಗೆಯಬೇಕು. ಇದಕ್ಕೆ ಲೈವ್ ಯುಎಸ್‌ಬಿ ಬೇಕು, ಅಂದರೆ ಡಿಸ್ಕನ್ನು ಮುಟ್ಟದೆ ಯುಎಸ್‌ಬಿಯಿಂದಲೇ ಪೂರ್ಣವಾಗಿ ನಡೆಯುವ ಲಿನಕ್ಸ್. ಅದರಿಂದ ಆರಂಭಿಸಿ, 'ಅಳವಡಿಸು' ಎಂಬುದನ್ನು ಬಿಟ್ಟು 'ಪ್ರಯತ್ನಿಸಿ ನೋಡು' ಎಂಬ ಆಯ್ಕೆಯನ್ನು ಆರಿಸಿ, ಡಿಸ್ಕಿನ ವಿಭಾಗವನ್ನು ಓದಲು ಮಾತ್ರ ಸಾಧ್ಯವಾಗುವಂತೆ ಜೋಡಿಸಿ ಮುಖ್ಯ ಕಡತಗಳನ್ನು ಬೇರೆಡೆಗೆ ನಕಲಿಸಬೇಕು. ಓದುವಾಗ ದೋಷಗಳು ಬರುತ್ತಿದ್ದರೆ 'ಡಿಡಿರೆಸ್ಕ್ಯೂ' ತಂತ್ರಾಂಶ ಸೂಕ್ತ. ಅದು ಸುಲಭವಾಗಿ ಸಿಗುವ ಭಾಗಗಳನ್ನು ಮೊದಲು ನಕಲಿಸಿ, ಕೆಟ್ಟ ಭಾಗಗಳಿಗೆ ಆಮೇಲೆ ಮರಳುತ್ತದೆ. ಡಿಸ್ಕಿನ ಸ್ವಂತ ಆರೋಗ್ಯ ದಾಖಲೆಯನ್ನು 'ಸ್ಮಾರ್ಟ್‌ಸಿಟಿಎಲ್' ತೋರಿಸುತ್ತದೆ.

ಡಿಸ್ಕ್ ಸರಿಯಿದ್ದು ಕೇವಲ ಗ್ರಬ್ ಅಥವಾ ಇನಿಟ್‌ರಾಮ್‌ಎಫ್‌ಎಸ್ ಹಾಳಾಗಿದ್ದ ಪಕ್ಷದಲ್ಲಿಯೂ ಲೈವ್ ಯುಎಸ್‌ಬಿಯೇ ದುರಸ್ತಿಯ ವೇದಿಕೆ. ಅಲ್ಲಿಂದ 'ಸಿಎಚ್‌ರೂಟ್' ಎಂಬ ಆದೇಶದಿಂದ ಡಿಸ್ಕಿನಲ್ಲಿರುವ ವ್ಯವಸ್ಥೆಯೊಳಗೆ ಪ್ರವೇಶಿಸಿ ಅವುಗಳನ್ನು ಮರಳಿ ರಚಿಸಬಹುದು. ಡಿಸ್ಕಿಗೆ ಗೂಢಲಿಪೀಕರಣ ಮಾಡಿದ್ದರೆ ಗುಪ್ತಪದವಿಲ್ಲದೆ ಇದಾವುದೂ ಸಾಧ್ಯವಿಲ್ಲ.

ಕನ್ಸೋಲಿನಲ್ಲಿ ಕನ್ನಡ

ಗ್ನೋಮ್, ಕೆಡಿಇ ಮುಂತಾದ ಡೆಸ್ಕ್‌ಟಾಪ್‌ಗಳಿಗೆ ಕನ್ನಡ ಅನುವಾದಗಳಿದ್ದರೂ ಕರ್ನಲ್‌ನ ಸಂದೇಶಗಳು ಅನುವಾದಗೊಳ್ಳುವುದಿಲ್ಲ. ಕನ್ನಡದಲ್ಲಿ ಹೊಂದಿಸಿದ ಯಂತ್ರದಲ್ಲಿಯೂ ಅವು ಇಂಗ್ಲಿಷಿನಲ್ಲಿಯೇ ಬರುತ್ತವೆ. ಪಠ್ಯ ಕನ್ಸೋಲಿನಲ್ಲಿ ಇನ್ನೊಂದು ಮಿತಿಯಿದೆ. ಅದರ ಅಕ್ಷರ ಸಂಚಯದಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಎಡೆಯಿದೆ ಮತ್ತು ಒತ್ತಕ್ಷರ, ಗುಣಿತಾಕ್ಷರಗಳನ್ನು ಜೋಡಿಸಿ ತೋರಿಸುವ ವ್ಯವಸ್ಥೆ ಅಲ್ಲಿಲ್ಲ. ಹೀಗಾಗಿ ಕನ್ನಡದಲ್ಲಿ ಹೆಸರಿಟ್ಟ ಕಡತಗಳು ತುರ್ತು ಸ್ಥಿತಿಯಲ್ಲಿ ಚೌಕಗಳಾಗಿಯೋ ಪ್ರಶ್ನಾರ್ಥಕ ಚಿಹ್ನೆಗಳಾಗಿಯೋ ಕಾಣುತ್ತವೆ. ಇದನ್ನು ಕಂಡು ಕಡತಗಳು ಕೆಟ್ಟಿವೆ ಎಂದು ಭಾವಿಸಿ ಅಳಿಸಬಾರದು. ಡಿಸ್ಕಿನಲ್ಲಿ ಅವುಗಳ ಹೆಸರು ಯುನಿಕೋಡ್ ರೂಪದಲ್ಲಿ ಯಥಾವತ್ತಾಗಿ ಇರುತ್ತದೆ. ನಕಲಿಸುವಾಗ ಹೆಸರನ್ನು ಬೆರಳಚ್ಚಿಸುವ ಬದಲು ಇಡೀ ಕೋಶವನ್ನೇ ನಕಲಿಸಬಹುದು. ಕನ್ನಡ ಫಾಂಟ್ ಇರುವ ಲೈವ್ ಯುಎಸ್‌ಬಿಯ ಚಿತ್ರಾತ್ಮಕ ತೆರೆಯಲ್ಲಿ ಅದೇ ಕೋಶವನ್ನು ತೆರೆದರೆ ಹೆಸರುಗಳು ಸರಿಯಾಗಿ ಕಾಣುತ್ತವೆ.